ಸೋತವರ ಬಿಲ್ಲೆಗೇ ಬೆಲೆ ಜಾಸ್ತಿ

(ನ್ಯೂಜೆರ್ಸಿಯ ಕನ್ನಡ ಸಂಘವೊಂದರ ವಾರಾಂತ್ಯದ ಕೂಟದಲ್ಲಿ ಆಡಿದ ಮಾತುಗಳಿವು. ಮೇಜಿನ ಮೇಲೆ ಬಿಲ್ಲೆಗಳನ್ನು ಹರಡಿಕೊಂಡು ಮಾತಾಡಿದ್ದೆ. ಬರೆಯುವಾಗ ಅಲ್ಲಲ್ಲಿ ವಿವರ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ದುಡ್ಡಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಅಮೆರಿಕದ ಹಳೇ ಚುನಾವಣಾ ಬಿಲ್ಲೆ ಕೂಡಿಡುವ ಈ ಹವ್ಯಾಸದ ಬಗ್ಗೆ ಯಾರಿಗೆ ಹೇಳಿದರೂ ಎರಡನೇ ಪ್ರಶ್ನೆ ಅದೇ: "ಇದನ್ನೆಲ್ಲ ಮಾರಿದರೆ ಏನಾದರೂ ಬರುತ್ತಾ?" ಬರುತ್ತದೆ. 2022ರಲ್ಲಿ ಹೇಕ್ಸ್ ಅನ್ನುವ ಹರಾಜು ಸಂಸ್ಥೆಯಲ್ಲಿ ಒಂದು ಚುನಾವಣಾ ಬಿಲ್ಲೆ 1,85,000 ಡಾಲರಿಗೂ ಜಾಸ್ತಿಗೆ ಹೋಯಿತು. ಅಂಗಿಗೆ ಚುಚ್ಚಿಕೊಳ್ಳುವ ಬಿಲ್ಲೆ. ಅಗಲ ಒಂದೂಕಾಲು ಇಂಚು. ಆ ದುಡ್ಡಿಗೆ ಅಮೆರಿಕದ ಎಷ್ಟೋ ಊರುಗಳಲ್ಲಿ ಒಂದು ಮನೆಯೇ ಸಿಗುತ್ತದೆ. ನಮ್ಮ ನ್ಯೂಜೆರ್ಸಿಯಲ್ಲಿ ಸಿಗಲ್ಲ, ಬಿಡಿ.

ಅದರ ಮೇಲೆ ಯಾರ ಮುಖ ಇತ್ತು, ಹೇಳಿ ನೋಡೋಣ ಅಂತ ಕೇಳಿದೆ. ಲಿಂಕನ್ ಅಂದರು ಒಬ್ಬರು. ಕೆನಡಿ ಅಂದರು ಇನ್ನೊಬ್ಬರು. ಜೇಮ್ಸ್ ಕಾಕ್ಸ್ ಅಂದೆ. ಸಭೆ ಸುಮ್ಮನಾಯಿತು.

ಕಾಕ್ಸ್ ಓಹಾಯೊ ರಾಜ್ಯದ ಗವರ್ನರ್ ಆಗಿದ್ದವನು, ಪತ್ರಿಕೆಗಳ ಮಾಲೀಕ. 1920ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತ. ಎದುರಿಗೆ ವಾರನ್ ಹಾರ್ಡಿಂಗ್. ಅವನೂ ಓಹಾಯೊದವನೇ, ಅವನೂ ಪತ್ರಿಕೆ ನಡೆಸಿದವನೇ. ಹಾರ್ಡಿಂಗ್‌ಗೆ ನೂರಕ್ಕೆ 60 ಮತ ಬಿತ್ತು, ಕಾಕ್ಸ್‌ಗೆ 34. ಹೀನಾಯವಾದ ಸೋಲು. ಸೋತವನ ಬಿಲ್ಲೆಗೆ ಯಾಕೆ ಈ ಪಾಟಿ ಬೆಲೆ? ಒಂದು ಕಾರಣ, ಆ ಬಿಲ್ಲೆಯಲ್ಲಿ ಕಾಕ್ಸ್ ಪಕ್ಕ ಇನ್ನೊಂದು ಮುಖ ಇದೆ. ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ 38 ವರ್ಷದ ಫ್ರಾಂಕ್ಲಿನ್ ರೂಸ್ವೆಲ್ಟ್. ಮುಂದಿನ ವರ್ಷ ಪೋಲಿಯೊ ಬಂದು ಕಾಲಿನ ಬಲ ಕಳೆದುಕೊಂಡವನು, ಆಮೇಲೆ ನಾಲ್ಕು ಸಲ ಅಧ್ಯಕ್ಷನಾಗಿ ಗೆದ್ದವನು. ಆದರೆ ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಆ ವರ್ಷ ಡೆಮಾಕ್ರಟರ ಕೈಯಲ್ಲಿ ದುಡ್ಡಿರಲಿಲ್ಲ. ಸೋಲುವುದು ಖಾತ್ರಿ ಅಂತ ಅವರಿಗೇ ಗೊತ್ತಿತ್ತು. ಹಾಗಾಗಿ ಹೆಸರು ಮಾತ್ರ ಇರುವ ಅಗ್ಗದ ಬಿಲ್ಲೆ ಮಾಡಿಸಿದರು. ಇಬ್ಬರ ಮುಖವೂ ಇರುವ ಬಿಲ್ಲೆ ತೀರಾ ಕಡಿಮೆ ತಯಾರಾಯಿತು. ಬಿಲ್ಲೆ ಕಂಪನಿಗಳು ಮಾದರಿ ತೋರಿಸಲು ಮಾಡಿದ್ದೇ ಅಷ್ಟು ಅನ್ನುವವರೂ ಇದ್ದಾರೆ.

ಇಬ್ಬರು ಅಭ್ಯರ್ಥಿಗಳೂ ಜೋಡಿಯಾಗಿರುವ ಬಿಲ್ಲೆಗೆ ಸಂಗ್ರಹಕಾರರು ಜೂಗೇಟ್ ಅನ್ನುತ್ತಾರೆ. ಕಾಕ್ಸ್-ರೂಸ್ವೆಲ್ಟ್ ಜೂಗೇಟ್ ಅಂದರೆ ಈ ಹವ್ಯಾಸದವರು ಜೀವಮಾನದಲ್ಲಿ ಒಂದು ಸಲ ಕೈಯಲ್ಲಿ ಹಿಡಿದರೆ ಸಾಕು ಅಂದುಕೊಳ್ಳುವ ವಸ್ತು. ಈ ಮೇಜಿನ ಮೇಲೆ ಅದು ಇಲ್ಲ. ಇದ್ದಿದ್ದರೆ ನಾನು ಬಾಗಿಲಿಗೆ ಚಿಲಕ ಹಾಕಿಕೊಂಡು ಮಾತಾಡುತ್ತಿದ್ದೆ.

ಈಗ ಇದಕ್ಕೆ ತದ್ವಿರುದ್ಧವಾದ ಕತೆ. 1972ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಜಾರ್ಜ್ ಮೆಕ್‌ಗವರ್ನ್ ತನ್ನ ಜೊತೆಗೆ ಥಾಮಸ್ ಈಗಲ್ಟನ್ ಎಂಬ ಸೆನೆಟರನ್ನು ಉಪಾಧ್ಯಕ್ಷ ಅಭ್ಯರ್ಥಿಯಾಗಿ ಆರಿಸಿಕೊಂಡ. ಈಗಲ್ಟನ್ ಖಿನ್ನತೆಗೆ ಆಸ್ಪತ್ರೆ ಸೇರಿ ವಿದ್ಯುತ್ ಚಿಕಿತ್ಸೆ ಪಡೆದಿದ್ದ ವಿಷಯ ಹೊರಬಿತ್ತು. 18 ದಿನಕ್ಕೆ ಆತ ಹಿಂದೆ ಸರಿಯಬೇಕಾಯಿತು. ಆ ಜಾಗಕ್ಕೆ ಸಾರ್ಜೆಂಟ್ ಶ್ರೈವರ್ ಬಂದ. ಈಗ ಲೆಕ್ಕ ಹಾಕಿ. ಬರೀ 18 ದಿನ ಇದ್ದ ಜೋಡಿ. ಅವರ ಬಿಲ್ಲೆ ಎಷ್ಟು ಅಪರೂಪ ಆಗಿರಬೇಕು, ಅಲ್ವಾ? ಇಲ್ಲ. ಈ ಡಬ್ಬಿಯಲ್ಲಿದೆ ನೋಡಿ, ಪುಡಿಗಾಸಿಗೆ ಸಿಗುತ್ತದೆ. ಸುದ್ದಿ ಬಂದ ಕೂಡಲೇ ಇಡೀ ದೇಶದ ಜನ "ಇದು ಮುಂದೆ ಅಪರೂಪ ಆಗುತ್ತೆ" ಅಂದುಕೊಂಡು ಒಂದೊಂದು ಎತ್ತಿಟ್ಟುಕೊಂಡರು. ಎಲ್ಲರೂ ಎತ್ತಿಟ್ಟುಕೊಂಡಿದ್ದಕ್ಕೇ ಅದು ಅಪರೂಪ ಆಗಲಿಲ್ಲ.

ಈ ಎರಡು ಕತೆ ಒಟ್ಟಿಗೆ ಇಟ್ಟುಕೊಂಡರೆ ಈ ಹವ್ಯಾಸ ಅರ್ಧ ಅರ್ಥವಾದ ಹಾಗೆ. ಬಿಲ್ಲೆಯ ಬೆಲೆಗೂ ಅದರ ಮೇಲಿರುವ ಮನುಷ್ಯನ ದೊಡ್ಡಸ್ತಿಕೆಗೂ ಅಷ್ಟಾಗಿ ಸಂಬಂಧ ಇಲ್ಲ. ಯಾರ ಕೈಯಲ್ಲಿ ದುಡ್ಡಿತ್ತು, ಎಷ್ಟು ಮಾಡಿಸಿದರು, ಚುನಾವಣೆ ಮುಗಿದ ಮೇಲೆ ಜನ ಎಸೆದರಾ ಇಟ್ಟುಕೊಂಡರಾ, ಇದೇ ಲೆಕ್ಕ. ಹಾಗಾಗಿ ಬಿಲ್ಲೆ ನೋಡುವಾಗ ನಾನು ಮುಖಕ್ಕಿಂತ ಮೊದಲು ಬೆನ್ನು ನೋಡುತ್ತೇನೆ.

ಬೆನ್ನು ಅಂದರೆ ಏನು, ತೋರಿಸುತ್ತೇನೆ. ಇದು 1896ರ ಅಧ್ಯಕ್ಷ ಅಭ್ಯರ್ಥಿ ಮೆಕಿನ್ಲಿಯ ಬಿಲ್ಲೆ. ಮುಂದೆ ಹೊಳೆಯುವ ಪಾರದರ್ಶಕ ಹಾಳೆ ಇದೆಯಲ್ಲ, ಅದು ಸೆಲ್ಯುಲಾಯ್ಡ್. ಅದರ ಕೆಳಗೆ ಅಚ್ಚು ಹಾಕಿದ ಕಾಗದ. ಅದರ ಕೆಳಗೆ ಲೋಹದ ಬಟ್ಟಲಿನಂಥ ತಗಡು. ಮೂರನ್ನೂ ಒತ್ತಿ, ಅಂಚು ಮಡಚಿ, ಹಿಂದಿನಿಂದ ಒಂದು ಲೋಹದ ಉಂಗುರ ಸಿಕ್ಕಿಸುತ್ತಾರೆ. ಆ ಉಂಗುರದೊಳಗೆ ಸ್ಪ್ರಿಂಗಿನ ಹಾಗೆ ಬಾಗುವ ತಂತಿಯ ಪಿನ್ನು. ಪಿನ್ನಿನ ಹಿಂದೆ, ಟೊಳ್ಳಿನಲ್ಲಿ, ಒಂದು ಗುಂಡನೆಯ ಕಾಗದದ ಚೂರು ಅಂಟಿಸಿರುತ್ತದೆ. ಅದರಲ್ಲಿ ತಯಾರಕರ ಹೆಸರು: ವೈಟ್‌ಹೆಡ್ ಆಂಡ್ ಹೋಗ್, ನ್ಯೂಅರ್ಕ್, ನ್ಯೂಜೆರ್ಸಿ. ಕೆಳಗೆ ಪೇಟೆಂಟ್ ತಾರೀಕುಗಳು: 1894 ಜುಲೈ 17, 1896 ಏಪ್ರಿಲ್ 14, 1896 ಜುಲೈ 21.

ಹೌದು, ನಮ್ಮ ನ್ಯೂಅರ್ಕೇ. ಊರಿಗೆ ಹೋಗುವಾಗ ವಿಮಾನ ಹತ್ತೋಕೆ ಮಾತ್ರ ನಾವು ಹೋಗುವ ಆ ಊರು ಒಂದು ಕಾಲಕ್ಕೆ ಸೆಲ್ಯುಲಾಯ್ಡಿನ ತವರು. ಬಿಲಿಯರ್ಡ್ಸ್ ಚೆಂಡಿಗೆ ದಂತದ ಬದಲು ಏನಾದರೂ ಬೇಕು ಅಂತ ಹುಡುಕಲು ಹೊರಟ ಜಾನ್ ವೆಸ್ಲಿ ಹಯಾಟ್ ಈ ವಸ್ತುವನ್ನು ತಯಾರಿಸಿ, 1870ರ ದಶಕದಲ್ಲಿ ನ್ಯೂಅರ್ಕಿನಲ್ಲಿ ಕಾರ್ಖಾನೆ ಹಾಕಿದ. ವೈಟ್‌ಹೆಡ್ ಆಂಡ್ ಹೋಗ್ ಅದೇ ಊರಲ್ಲಿ 1892ರಲ್ಲಿ ಶುರುವಾದ ಕಂಪನಿ. ಪೇಟೆಂಟ್‌ಗಳನ್ನು ಕೈಗೆ ತಂದುಕೊಂಡಿತು. ಸರಿಯಾಗಿ 1896ರ ಚುನಾವಣೆ ಹೊತ್ತಿಗೆ ಬಣ್ಣಬಣ್ಣದ ಬಿಲ್ಲೆ, ಪುಡಿಗಾಸಿನ ಖರ್ಚಿನಲ್ಲಿ, ಬೇಕಾದಷ್ಟು ಮಾಡಿಕೊಡಲು ಸಿದ್ಧವಾಗಿತ್ತು.

ಆ ಬೆನ್ನಿನ ಕಾಗದದ ಬಗ್ಗೆ ಒಂದು ಎಚ್ಚರಿಕೆ. ಅದರಲ್ಲಿ 1896 ಅಂತ ಇದ್ದ ಮಾತ್ರಕ್ಕೆ ಬಿಲ್ಲೆ 1896ರದ್ದು ಅಂತ ಆಗಲ್ಲ. ಅದು ಪೇಟೆಂಟ್ ತಾರೀಕು. ಅದೇ ಕಾಗದವನ್ನು ಕಂಪನಿ ಎಷ್ಟೋ ವರ್ಷ ಬಳಸಿತು. ಹಳೇ ಸಾಮಾನಿನ ಸಂತೆಯಲ್ಲಿ "1896ರ ಮಾಲು ಸಾರ್" ಅಂತ 1910ರ ಸುಮಾರಿನ ಬಿಲ್ಲೆ ಮಾರುವವರು ಈಗಲೂ ಇದ್ದಾರೆ. ಪಾಪ, ಅವರಲ್ಲಿ ಅರ್ಧ ಜನ ನಿಜ ಅಂತ ನಂಬಿಯೇ ಮಾರುತ್ತಾರೆ.

1896ರ ಚುನಾವಣೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಸಂಗ್ರಹಕಾರರಿಗೆ ಅದು ಹಬ್ಬದ ವರ್ಷ. ಜಗಳ ಇದ್ದದ್ದು ನಾಣ್ಯದ ಬಗ್ಗೆ. ರಿಪಬ್ಲಿಕನ್ ವಿಲಿಯಂ ಮೆಕಿನ್ಲಿ ಚಿನ್ನದ ಪರ. ಡೆಮಾಕ್ರಟ್ ವಿಲಿಯಂ ಜೆನಿಂಗ್ಸ್ ಬ್ರಯನ್ ಬೆಳ್ಳಿಯ ಪರ. 16 ತೂಕ ಬೆಳ್ಳಿಗೆ 1 ತೂಕ ಚಿನ್ನ ಅನ್ನುವ ಲೆಕ್ಕದಲ್ಲಿ ಬೆಳ್ಳಿ ನಾಣ್ಯ ಹೊಡೆಯಬೇಕು, ಆಗ ಸಾಲದಲ್ಲಿರುವ ರೈತರ ಕೈಗೆ ದುಡ್ಡು ಬರುತ್ತದೆ ಅನ್ನುವುದು ಬ್ರಯನ್ ಕಡೆಯವರ ವಾದ. ಹಾಗಾಗಿ ಅವರ ಬಿಲ್ಲೆಗಳ ಮೇಲೆ "16ಕ್ಕೆ 1" ಅಂತ ಇರುತ್ತದೆ. ಕೆಲವು ಬಿಲ್ಲೆಯಲ್ಲಿ ಬೇರೇನೂ ಇಲ್ಲ, ಆ ಎರಡು ಅಂಕಿ ಮಾತ್ರ. ಆ ಕಾಲದವರಿಗೆ ಅಷ್ಟೇ ಸಾಕಾಗಿತ್ತು. ಎದುರು ಪಕ್ಷದವರು ಅವರನ್ನು ಹಂಗಿಸಲು ಅಂಗೈಯಗಲದ ನಕಲಿ ಡಾಲರ್ ನಾಣ್ಯ ಹೊಡೆಸಿದರು, "ಬೆಳ್ಳಿ ಡಾಲರಿಗೆ ನಿಜವಾದ ಬೆಲೆ ಬರಬೇಕಾದರೆ ಇಷ್ಟು ದೊಡ್ಡದು ಬೇಕು ನೋಡಿ" ಅನ್ನುವ ಅರ್ಥದಲ್ಲಿ.

ಚಿನ್ನದ ಪರ ಇದ್ದವರಿಗೆ ಎದುರಾಳಿಗಳು ಇಟ್ಟ ಅಡ್ಡಹೆಸರು ಚಿನ್ನದ ಹುಳ. ಅವರು ಅದನ್ನೇ ಹೆಮ್ಮೆಯಿಂದ ಎದೆಗೆ ಚುಚ್ಚಿಕೊಂಡರು. ಈ ಪಿನ್ನು ನೋಡಿ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ದುಂಬಿ, ಚಿನ್ನದ ಬಣ್ಣ. ಬಾಲದ ಹತ್ತಿರ ಇರುವ ಚಿಕ್ಕ ಕೊಂಡಿ ಒತ್ತಿದರೆ ಟಪ್ ಅಂತ ರೆಕ್ಕೆ ಬಿಚ್ಚಿಕೊಳ್ಳುತ್ತದೆ. ಒಂದು ರೆಕ್ಕೆಯಲ್ಲಿ ಮೆಕಿನ್ಲಿ, ಇನ್ನೊಂದರಲ್ಲಿ ಉಪಾಧ್ಯಕ್ಷ ಅಭ್ಯರ್ಥಿ ಗ್ಯಾರೆಟ್ ಹೋಬಾರ್ಟ್. ಹೋಬಾರ್ಟ್ ಕೂಡ ನ್ಯೂಜೆರ್ಸಿಯವನು. ನೂರಾ ಇಪ್ಪತ್ತೈದು ವರ್ಷ ದಾಟಿದ ಮೇಲೂ ಸ್ಪ್ರಿಂಗ್ ಕೆಲಸ ಮಾಡುತ್ತಿದೆ. ಮುಂದಿನ ಸಾಲಿನ ಮಕ್ಕಳೆಲ್ಲ ಒಂದೊಂದು ಸಲ ಒತ್ತಿ ನೋಡಿದರು. ನನ್ನ ಎದೆ ಬಡಿತ ಕೇಳಬೇಡಿ.

ಮೆಕಿನ್ಲಿ ಓಹಾಯೊದ ಕ್ಯಾಂಟನ್ ಊರಿನ ತನ್ನ ಮನೆ ಬಿಟ್ಟು ಕದಲಲಿಲ್ಲ. ಜಗಲಿಯಲ್ಲಿ ನಿಂತು ಮಾತಾಡಿದ. ಜನರೇ ರೈಲಿನಲ್ಲಿ ಬಂದರು, ಲಕ್ಷಗಟ್ಟಲೆ. ಬಂದವರು ಅಂಗಳದ ಹುಲ್ಲು, ಬೇಲಿಯ ಮರದ ಚೂರು ಕಿತ್ತುಕೊಂಡು ಹೋದರು. ನೆನಪಿಗೆ ಏನಾದರೂ ಒಯ್ಯುವ ಆಸೆ ಆಗಲೂ ಇತ್ತು. ಈ ಪ್ರಚಾರಕ್ಕೆ ಮಾರ್ಕ್ ಹಾನಾ ಎಂಬ ಉದ್ಯಮಿ ಬ್ಯಾಂಕು, ಕಾರ್ಖಾನೆಗಳಿಂದ ಸುಮಾರು 35 ಲಕ್ಷ ಡಾಲರ್ ಎತ್ತಿದ್ದ. ಬ್ರಯನ್ ಕಡೆ ಅದರ ಒಂದು ಸಣ್ಣ ಪಾಲು ಮಾತ್ರ ಇತ್ತು. ಅವನು ರೈಲು ಹತ್ತಿ ಊರೂರು ಸುತ್ತಿ ಗಂಟಲು ಹರಿದುಕೊಂಡ. ಆದರೂ ಬ್ರಯನ್ ಬಿಲ್ಲೆಗಳು ಇವತ್ತಿಗೂ ಸಾಕಷ್ಟು ಸಿಗುತ್ತವೆ. 1896, 1900, 1908, ಮೂರು ಸಲ ನಿಂತು ಮೂರು ಸಲವೂ ಸೋತವನನ್ನು ಅವನ ಜನ ಕೈಬಿಡಲಿಲ್ಲ. ಬಿಲ್ಲೆಯನ್ನೂ ಎಸೆಯಲಿಲ್ಲ.

ಬಿಲ್ಲೆಗಿಂತ ಹಿಂದೆ ಏನಿತ್ತು? ಬೇಗ ಹೇಳಿ ಮುಗಿಸುತ್ತೇನೆ. 1789ರಲ್ಲಿ ವಾಷಿಂಗ್ಟನ್ ಪ್ರಮಾಣವಚನ ತೆಗೆದುಕೊಂಡಾಗ ಜನ ಕೋಟಿಗೆ ಹೊಲಿದುಕೊಂಡದ್ದು ನಿಜವಾದ ಹಿತ್ತಾಳೆ ಗುಂಡಿ. ನಡುವೆ "ಜಿ ಡಬ್ಲ್ಯೂ" ಅಕ್ಷರ, ಸುತ್ತ "ಅಧ್ಯಕ್ಷರು ಬಹುಕಾಲ ಬಾಳಲಿ" ಅನ್ನುವ ಹಾರೈಕೆ. ಆಮೇಲೆ ನಾಣ್ಯದಂಥ ಬಿಲ್ಲೆ, ರೇಷ್ಮೆ ರಿಬ್ಬನ್, ನಶ್ಯದ ಡಬ್ಬಿ, ಹೊಲಿಗೆ ದಾರದ ಡಬ್ಬಿ ಬಂದವು. ಹೊಲಿಗೆ ಡಬ್ಬಿ ಯಾಕೆ, ಆಗ ಹೆಂಗಸರಿಗೆ ಮತವೇ ಇರಲಿಲ್ಲವಲ್ಲ ಅಂತ ಒಬ್ಬರು ಕೇಳಿದರು. ಮತ ಇರಲಿಲ್ಲ, ಮನೆಯಲ್ಲಿ ಮಾತು ಇತ್ತು. ಪಕ್ಷಗಳಿಗೆ ಅದು ಚೆನ್ನಾಗಿ ಗೊತ್ತಿತ್ತು.

ನಿಂತು ನೋಡಬೇಕಾದ್ದು 1840ರ ಚುನಾವಣೆ. ವಿಲಿಯಂ ಹೆನ್ರಿ ಹ್ಯಾರಿಸನ್ ವಿಗ್ ಪಕ್ಷದ ಅಭ್ಯರ್ಥಿ. ವಯಸ್ಸಾದವನು. ಬಾಲ್ಟಿಮೋರಿನ ಒಂದು ಡೆಮಾಕ್ರಟ್ ಪತ್ರಿಕೆ ಅವನನ್ನು ಗೇಲಿ ಮಾಡಿತು: ಒಂದು ಪೀಪಾಯಿ ಸೇಬಿನ ಮದ್ಯ, ಒಂದಿಷ್ಟು ಪಿಂಚಣಿ ಕೊಟ್ಟರೆ ಈ ಮುದುಕ ಮರದ ದಿಮ್ಮಿಯ ಗುಡಿಸಲಿನಲ್ಲಿ ಕಾಲ ಕಳೆದಾನು, ಎಂದು. ವಿಗ್ ಪಕ್ಷದವರು ಆ ಗೇಲಿಯನ್ನೇ ಎತ್ತಿಕೊಂಡರು. ನಮ್ಮವನು ಬಡವರ ಮನುಷ್ಯ, ಗುಡಿಸಲಲ್ಲಿ ಬದುಕಿದವನು ಅಂತ ಸಾರಿದರು. ರಿಬ್ಬನ್ ಮೇಲೆ ಗುಡಿಸಲು, ತಟ್ಟೆ ಮೇಲೆ ಗುಡಿಸಲು, ಬಟನ್ ಮೇಲೆ ಗುಡಿಸಲು, ಮೆರವಣಿಗೆಯಲ್ಲಿ ಗಾಡಿ ಮೇಲೆ ನಿಜವಾದ ಗುಡಿಸಲು. ಗುಡಿಸಲಿನ ಚಿತ್ರದ ಪಿಂಗಾಣಿ ಸಾಮಾನು ಮಾಡಿ ಕಳಿಸಿದವರಲ್ಲಿ ಇಂಗ್ಲೆಂಡಿನ ಕುಂಬಾರರೂ ಇದ್ದರು. ಆಳೆತ್ತರಕ್ಕಿಂತ ದೊಡ್ಡ ಚೆಂಡುಗಳ ಮೇಲೆ ಘೋಷಣೆ ಬರೆದು ಊರಿಂದೂರಿಗೆ ಉರುಳಿಸಿಕೊಂಡು ಹೋದರು. ನೂರಕ್ಕೆ 80 ಮತದಾರರು ಬಂದು ಮತ ಹಾಕಿದರು. ಹ್ಯಾರಿಸನ್ ನಿಜವಾಗಿ ಹುಟ್ಟಿದ್ದು ಎಲ್ಲಿ? ವರ್ಜೀನಿಯಾದ ದೊಡ್ಡ ತೋಟದ ಬಂಗಲೆಯಲ್ಲಿ. ಗೆದ್ದ, ಅಧಿಕಾರಕ್ಕೆ ಬಂದು ಒಂದೇ ತಿಂಗಳಿಗೆ ತೀರಿಕೊಂಡ. ಗುಡಿಸಲಿನ ತಟ್ಟೆಗಳು ಮಾತ್ರ ಇನ್ನೂ ಹರಾಜಿಗೆ ಬರುತ್ತಲೇ ಇವೆ.

1860ಕ್ಕೆ ಬಂದರೆ ಫೋಟೊ ಬಂತು. ತೆಳು ಕಬ್ಬಿಣದ ತಗಡಿನ ಮೇಲೆ ಫೋಟೊ ತೆಗೆಯುವ ಫೆರೋಟೈಪ್ ವಿಧಾನಕ್ಕೆ 1856ರಲ್ಲಿ ಪೇಟೆಂಟ್ ಸಿಕ್ಕಿತ್ತು. ನಾಲ್ಕೇ ವರ್ಷಕ್ಕೆ ಚುನಾವಣೆಗೆ ಬಂತು. ಹಿತ್ತಾಳೆ ಚೌಕಟ್ಟು, ಒಂದು ಬದಿ ಲಿಂಕನ್, ತಿರುಗಿಸಿದರೆ ಉಪಾಧ್ಯಕ್ಷ ಅಭ್ಯರ್ಥಿ ಹ್ಯಾನಿಬಲ್ ಹ್ಯಾಮ್ಲಿನ್. ಮೇಲೆ ತೂತು, ರಿಬ್ಬನ್ ಪೋಣಿಸಲು. ಹಳ್ಳಿಯ ಮತದಾರ ತನ್ನ ಅಭ್ಯರ್ಥಿಯ ನಿಜವಾದ ಮುಖ ನೋಡಿದ್ದು ಆಗಲೇ ಮೊದಲು. ಲಿಂಕನ್ ಬಿಲ್ಲೆ ಯಾವ ವರ್ಷದ್ದು ಅಂತ ಕಂಡುಹಿಡಿಯಲು ಒಂದು ಸುಲಭದ ದಾರಿ ಇದೆ: ಗಲ್ಲ ನೋಡಿ. 1860ರ ಚುನಾವಣೆಯಲ್ಲಿ ಅವನಿಗೆ ಗಡ್ಡ ಇರಲಿಲ್ಲ. ಗ್ರೇಸ್ ಬೆಡೆಲ್ ಎಂಬ 11 ವರ್ಷದ ಹುಡುಗಿ ಆ ಅಕ್ಟೋಬರಿನಲ್ಲಿ ಅವನಿಗೆ ಪತ್ರ ಬರೆದು, ನಿಮ್ಮ ಮುಖ ತೀರಾ ಸಣ್ಣ, ಗಡ್ಡ ಬಿಟ್ಟರೆ ಚೆನ್ನಾಗಿ ಕಾಣುತ್ತೀರಿ ಅಂತ ಹೇಳಿದಳು. ಅವನು ಗಡ್ಡ ಬಿಟ್ಟದ್ದು ಆಮೇಲೆ. ಹಾಗಾಗಿ ಪ್ರಚಾರದ ಬಿಲ್ಲೆಯಲ್ಲಿ ಗಡ್ಡದ ಲಿಂಕನ್ ಇದ್ದರೆ 1864ರದ್ದು.

ಇನ್ನು ಸ್ವಲ್ಪ ಕಹಿ ವಿಷಯ. ಎಲ್ಲ ಬಿಲ್ಲೆಯೂ ಚಂದ ಇರುವುದಿಲ್ಲ. 1901ರ ಅಕ್ಟೋಬರ್ 16ರಂದು ಅಧ್ಯಕ್ಷ ಥಿಯೋಡೋರ್ ರೂಸ್ವೆಲ್ಟ್ ಕಪ್ಪು ಜನರ ನಾಯಕ ಬುಕರ್ ಟಿ. ವಾಷಿಂಗ್ಟನ್ ಅವರನ್ನು ಶ್ವೇತಭವನಕ್ಕೆ ಊಟಕ್ಕೆ ಕರೆದ. ದಕ್ಷಿಣದ ಬಿಳಿಯರು ಕೆಂಡವಾದರು. ಇಬ್ಬರೂ ಒಂದೇ ಮೇಜಿನಲ್ಲಿ ಕೂತಿರುವ ಚಿತ್ರ, ಕೆಳಗೆ "ಸಮಾನತೆ" ಅನ್ನುವ ಒಂದೇ ಪದ ಇರುವ ಬಿಲ್ಲೆ ಆಮೇಲೆ ಬಂತು. ಅದನ್ನು ಅಭಿಮಾನದಿಂದ ಹಾಕಿಕೊಂಡವರು ಇದ್ದರು. ಅದೇ ಚಿತ್ರವನ್ನು ತಿರುಚಿ, ವಾಷಿಂಗ್ಟನ್ನರ ಮುಖವನ್ನು ಬೇಕಂತಲೇ ಕಪ್ಪು ಮಾಡಿ, ಬಿಳಿ ಮತದಾರರನ್ನು ಕೆರಳಿಸಲು ಹಂಚಿದವರೂ ಇದ್ದರು. ಒಂದೇ ಚಿತ್ರ, ಎರಡು ಉದ್ದೇಶ. ಇಂಥ ವಸ್ತುವನ್ನು ಇಟ್ಟುಕೊಳ್ಳಬೇಕಾ ಅನ್ನುವ ಪ್ರಶ್ನೆ ಸಂಗ್ರಹಕಾರರ ನಡುವೆ ಬರುತ್ತಲೇ ಇರುತ್ತದೆ. ಇಟ್ಟುಕೊಳ್ಳಬೇಕು ಅನ್ನುವವನು ನಾನು. ಆದರೆ ಅದರ ಪಕ್ಕ ಅದರ ಕತೆ ಬರೆದಿಡಬೇಕು. ಬರೀ ಅಂದಕ್ಕೆ ಗೋಡೆಗೆ ತೂಗುಹಾಕುವ ವಸ್ತು ಅಲ್ಲ ಅದು.

ನಗುವುದಕ್ಕೆ 1940. ಫ್ರಾಂಕ್ಲಿನ್ ರೂಸ್ವೆಲ್ಟ್ ಮೂರನೇ ಸಲ ನಿಂತ. ಅಲ್ಲಿಯವರೆಗೆ ಯಾವ ಅಧ್ಯಕ್ಷನೂ ಮೂರನೇ ಸಲ ಗೆದ್ದಿರಲಿಲ್ಲ. ಎದುರಿಗೆ ವೆಂಡಲ್ ವಿಲ್ಕಿ. ವಿಲ್ಕಿ ಕಡೆಯವರು ಘೋಷಣೆ ಬಿಲ್ಲೆಗಳ ಮಳೆಯನ್ನೇ ಸುರಿಸಿದರು. "ಮೂರನೇ ಅವಧಿ ಬೇಡ" ಅಂತ ಒಂದು. "ಎಲಿನಾರ್ ಕೂಡ ನಮಗೆ ಬೇಡ" ಅಂತ ಇನ್ನೊಂದು. ಎಲಿನಾರ್ ಅಂದರೆ ರೂಸ್ವೆಲ್ಟ್ ಹೆಂಡತಿ. ಊರೂರು ತಿರುಗುವ, ಪತ್ರಿಕೆಗೆ ಅಂಕಣ ಬರೆಯುವ ಅಧ್ಯಕ್ಷರ ಹೆಂಡತಿಯನ್ನು ಸಹಿಸದವರು ಆಗ ಬಹಳ ಜನ. ರೂಸ್ವೆಲ್ಟ್ ಕಡೆಯವರು "ಮೂರನೇ ದರ್ಜೆಯವನಿಗಿಂತ ಮೂರನೇ ಅವಧಿಯವನೇ ವಾಸಿ" ಅಂತ ತಿರುಗೇಟು ಕೊಟ್ಟರು. ವಿಲ್ಕಿ ಸೋತ. ಈ ಬಿಲ್ಲೆಗಳು ಈಗಲೂ ಅಗ್ಗ. ಹೊಸಬರಿಗೆ ನಾನು ಮೊದಲು ಹೇಳುವುದೇ 1940ರಿಂದ ಶುರುಮಾಡಿ ಅಂತ. ಮುಖ ನೋಡಿ ಬೇಜಾರಾದರೂ ಓದೋಕೆ ಮಜಾ ಇರುತ್ತದೆ.

ಮಿಕ್ಕವನ್ನು ಸುಮ್ನೆ ಕಣ್ಣಾಡಿಸಿ. ಇದು 1936ರ ಆಲ್ಫ್ ಲಾಂಡನ್. ಕಾನ್ಸಸ್ ರಾಜ್ಯದವನು, ಅಲ್ಲಿನ ಹೂವು ಸೂರ್ಯಕಾಂತಿ, ಅದಕ್ಕೇ ಬಿಲ್ಲೆಯ ಸುತ್ತ ಹಳದಿ ಉಣ್ಣೆಬಟ್ಟೆಯ ಎಸಳು. ಎರಡೇ ರಾಜ್ಯ ಗೆದ್ದ. ಇದು 1952ರ ಬೆಳ್ಳಿ ಬಣ್ಣದ ಚಪ್ಪಟೆ ಪಿನ್ನು, ಬೂಟಿನ ಅಟ್ಟೆ. ನಡುವೆ ತೂತು. ಅಡ್ಲಾಯ್ ಸ್ಟೀವನ್ಸನ್ ಕಾಲ ಮೇಲೆ ಕಾಲು ಹಾಕಿ ಕೂತಾಗ ಬೂಟಿನ ತೂತು ಕ್ಯಾಮೆರಾಗೆ ಸಿಕ್ಕಿಬಿತ್ತು. ಆ ಫೋಟೊಗೆ ಪುಲಿಟ್ಜರ್ ಬಂತು, ಅವನ ಪ್ರಚಾರಕ್ಕೆ ಒಂದು ಲಾಂಛನ ಸಿಕ್ಕಿತು. ಇದು ಬ್ಯಾರಿ ಗೋಲ್ಡ್‌ವಾಟರ್, 1964. ಬಿಲ್ಲೆ ಮೇಲೆ ಹೆಸರೇ ಇಲ್ಲ, ಚಿನ್ನದ ಮತ್ತು ನೀರಿನ ರಾಸಾಯನಿಕ ಸಂಕೇತ ಮಾತ್ರ. ಇಲ್ಲಿರುವ ಎಂಜಿನಿಯರುಗಳೆಲ್ಲ ತಕ್ಷಣ ನಕ್ಕರು. ಮತದಾರರು ಅಷ್ಟು ನಗಲಿಲ್ಲ, ಅವನೂ ಭಾರಿ ಅಂತರದಲ್ಲಿ ಸೋತ. ಇದು ಜಿಮ್ಮಿ ಕಾರ್ಟರ್ ಕಾಲದ ಕಡ್ಲೆಕಾಯಿ, ಅವನು ಕಡ್ಲೆಕಾಯಿ ಬೆಳೆಯುತ್ತಿದ್ದವನು.

ಈ ಒಂದನ್ನು ಮಾತ್ರ ನಿಧಾನವಾಗಿ ನೋಡಿ. 1920ರ ಯೂಜಿನ್ ಡೆಬ್ಸ್. ಸಮಾಜವಾದಿ ಪಕ್ಷ. ಮೊದಲ ಮಹಾಯುದ್ಧದ ವಿರುದ್ಧ ಭಾಷಣ ಮಾಡಿದ್ದಕ್ಕೆ ಜೈಲು ಸೇರಿದ್ದ. ಅಟ್ಲಾಂಟಾದ ಜೈಲಿನೊಳಗಿಂದಲೇ ಅಧ್ಯಕ್ಷ ಸ್ಥಾನಕ್ಕೆ ನಿಂತ. ಬಿಲ್ಲೆಯಲ್ಲಿ ಅವನ ಫೋಟೊ, ಸುತ್ತ "ಅಧ್ಯಕ್ಷ ಸ್ಥಾನಕ್ಕೆ, ಕೈದಿ ನಂಬರ್ 9653". 9 ಲಕ್ಷಕ್ಕೂ ಜಾಸ್ತಿ ಜನ ಅವನಿಗೆ ಮತ ಹಾಕಿದರು. ನೂರಾ ಮೂರು ವರ್ಷ ಆದಮೇಲೆ, 2023ರ ಆಗಸ್ಟಿನಲ್ಲಿ, ಅದೇ ಅಟ್ಲಾಂಟಾದ ಇನ್ನೊಂದು ಜೈಲಿನಲ್ಲಿ ಡೊನಾಲ್ಡ್ ಟ್ರಂಪ್ ಅವರ ಪೊಲೀಸ್ ಫೋಟೊ ತೆಗೆದರು. ಸ್ವಲ್ಪ ಹೊತ್ತಿಗೇ ಆ ಫೋಟೊ ಅವರ ಪ್ರಚಾರದ ಟೀ ಶರ್ಟ್, ಕಾಫಿ ಮಗ್ಗುಗಳ ಮೇಲೆ ಮಾರಾಟಕ್ಕೆ ಬಂತು. ಇಬ್ಬರ ರಾಜಕೀಯಕ್ಕೂ ಅಜಗಜಾಂತರ. ಆದರೆ ಪ್ರಚಾರ ಮಾಡುವವರ ತಲೆ ಓಡುವ ರೀತಿ ನೂರು ವರ್ಷದಲ್ಲಿ ಬದಲಾಗಿಲ್ಲ ನೋಡಿ.

ಈಗ ನಕಲಿಗಳ ವಿಷಯ. ಹಳೇ ಸಾಮಾನಿನ ಅಂಗಡಿಗಳಲ್ಲಿ ನಿಮಗೆ ಮೊದಲು ಸಿಗುವುದೇ ನಕಲಿ. ಹಾಗಂತ ಎಲ್ಲವನ್ನೂ ಮೋಸಕ್ಕೆ ಮಾಡಿದ್ದಲ್ಲ. 1968ರಲ್ಲಿ ಕ್ಲೀನೆಕ್ಸ್ ಟಿಶ್ಯೂ ಕಂಪನಿ, 1972ರಲ್ಲಿ ಅಮೆರಿಕನ್ ಆಯಿಲ್ ಕಂಪನಿ, ಹಳೇ ಬಿಲ್ಲೆಗಳ ಪ್ರತಿ ಮಾಡಿ ಗಿರಾಕಿಗಳಿಗೆ ಕೊಟ್ಟವು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ತಮ್ಮ ಗುರುತು ಹಾಕಿಯೂ ಇದ್ದವು. ಮೋಸ ಮಾಡುವವರು ಆ ಅಕ್ಷರಗಳನ್ನು ಕೆರೆದು ತೆಗೆದರು. ಹಾಗಾಗಿ ಅಂಚಿನಲ್ಲಿ ಕೆರೆದ ಗುರುತು ಕಂಡರೆ ಜೇಬಿಗೆ ಕೈ ಹಾಕಬೇಡಿ. ಇನ್ನೂ ಸುಲಭದ ಪರೀಕ್ಷೆ ಇದೆ. ತಗಡಿನ ಮೇಲೆ ನೇರವಾಗಿ ಬಣ್ಣ ಅಚ್ಚು ಹಾಕಿದ ಬಿಲ್ಲೆಗೆ ಲಿಥೋ ಅನ್ನುತ್ತಾರೆ. ಅಂಥವು ಚುನಾವಣೆಗೆ ಬಂದದ್ದು 1920ರ ಸುಮಾರಿಗೆ. ಹಾಗಿದ್ದ ಮೇಲೆ ಲಿಥೋದಲ್ಲಿ ಮಾಡಿದ ಮೆಕಿನ್ಲಿ ಬಿಲ್ಲೆ ನಿಮ್ಮ ಕೈಗೆ ಸಿಕ್ಕರೆ ಅದು ಆ ಕಾಲದ್ದಾಗಿರಲು ಹೇಗೆ ಸಾಧ್ಯ? ಬಿಲ್ಲೆಯನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ. ಮೇಲೆ ಪಾರದರ್ಶಕ ಪದರ ಇದ್ದರೆ ಅಂಚಿನ ಮಡಿಕೆಯಲ್ಲಿ ಕಾಣುತ್ತದೆ. ಇಲ್ಲದಿದ್ದರೆ ಬಣ್ಣ ಕೆತ್ತಿಹೋದ ಕಡೆ ತಗಡು ಮಿನುಗುತ್ತದೆ.

1973ರಲ್ಲಿ ಇದಕ್ಕಂತಲೇ ಒಂದು ಕಾನೂನು ಬಂತು. ಹಳೇ ರಾಜಕೀಯ ವಸ್ತುವಿನ ಪ್ರತಿ ಮಾಡಿದರೆ ಅದನ್ನು ಮಾಡಿದ ವರ್ಷವನ್ನು ಅದರ ಮೇಲೇ ಅಚ್ಚು ಹಾಕಬೇಕು. ಆ ಹೊತ್ತಿಗೆ ಸಂಗ್ರಹಕಾರರ ಸಂಘಕ್ಕೆ ಸುಮಾರು ಮೂವತ್ತು ವರ್ಷ ಆಗಿತ್ತು. 1945ರಲ್ಲಿ ಶುರುವಾದ ಅಮೆರಿಕನ್ ಪೊಲಿಟಿಕಲ್ ಐಟಮ್ಸ್ ಕಲೆಕ್ಟರ್ಸ್ ಈಗಲೂ ಇದೆ. ಬೇರೆ ಬೇರೆ ಊರುಗಳಲ್ಲಿ ಅವರ ಪ್ರದರ್ಶನಗಳು ನಡೆಯುತ್ತವೆ. ಮೇಜುಗಳ ಮೇಲೆ ಹರಡಿಕೊಂಡು ಮಾರುತ್ತಾರೆ, ಅದಲುಬದಲು ಮಾಡಿಕೊಳ್ಳುತ್ತಾರೆ. ಕೊಳ್ಳದಿದ್ದರೂ ಹೋಗಿ ಬನ್ನಿ. ಕಟ್ಟಾ ರಿಪಬ್ಲಿಕನ್ನೂ ಕಟ್ಟಾ ಡೆಮಾಕ್ರಟನೂ ಜಗಳವಾಡದೆ ಒಂದು ಗಂಟೆ ಮಾತಾಡುವುದನ್ನು ಈಗಿನ ದಿನದಲ್ಲಿ ಇನ್ನೆಲ್ಲಿ ನೋಡುತ್ತೀರಿ?

ಬಿಲ್ಲೆಗಳ ಪ್ರವಾಹ ತಗ್ಗಿದ್ದು 1970ರ ದಶಕದಲ್ಲಿ. ವಾಟರ್‌ಗೇಟ್ ಹಗರಣದ ನಂತರ ಪ್ರಚಾರದ ಖರ್ಚಿಗೆ ಮಿತಿ ಬಂತು. ಇದ್ದ ದುಡ್ಡೆಲ್ಲ ಟಿವಿ ಜಾಹೀರಾತಿಗೆ ಹೋಯಿತು. ಮೊದಲು ಪಕ್ಷದವರು ಬಿಲ್ಲೆ ಮಾಡಿಸಿ ಜನರಿಗೆ ಪುಕ್ಕಟೆ ಕೊಡುತ್ತಿದ್ದರು. ಈಗ ಜನರೇ ದುಡ್ಡು ಕೊಟ್ಟು ಕೊಳ್ಳುತ್ತಾರೆ. 2016ರ ಟ್ರಂಪ್ ಪ್ರಚಾರದ ಕೆಂಪು ಟೋಪಿ ನೆನಪಿದೆಯಲ್ಲ, "ಅಮೆರಿಕವನ್ನು ಮತ್ತೆ ಮಹಾನ್ ಮಾಡೋಣ" ಅಂತ ಬರೆದದ್ದು? ಆ ಘೋಷಣೆ ಹೊಸದೇನಲ್ಲ, 1980ರ ರೇಗನ್ ಬಿಲ್ಲೆಯಲ್ಲೂ ಹೆಚ್ಚುಕಡಿಮೆ ಅದೇ ಮಾತಿದೆ, ಇಲ್ಲಿದೆ ನೋಡಿ. ಹೊಸದು ಏನೆಂದರೆ ವ್ಯವಹಾರ. ಪ್ರಚಾರದ ಅಧಿಕೃತ ಅಂಗಡಿಯಿಂದ ಟೋಪಿ ಕೊಂಡರೆ ಆ ದುಡ್ಡು ಕಾನೂನಿನ ಲೆಕ್ಕದಲ್ಲಿ ದೇಣಿಗೆ. ಜೊತೆಗೆ ನಿಮ್ಮ ವಿಳಾಸ, ಇಮೇಲ್, ಫೋನ್ ನಂಬರ್ ಅವರ ಪಟ್ಟಿಗೆ ಸೇರುತ್ತದೆ. ಆಮೇಲೆ ಬರುವ ಮೆಸೇಜುಗಳ ಬಗ್ಗೆ ನಾನು ಹೇಳಬೇಕಾಗಿಲ್ಲ.

ಕನ್ನಡದ್ದು ಏನಾದರೂ ಇದೆಯಾ ಅಂತ ಕೇಳಿದರು. ಇದೆ, ಆದರೆ ಡಬ್ಬಿಯಲ್ಲಿ ಇಡುವಂಥದ್ದಲ್ಲ. 2020ರಲ್ಲಿ ಬೈಡನ್ ಪರ ಕೆಲಸ ಮಾಡಿದವರು 14 ಭಾರತೀಯ ಭಾಷೆಗಳಲ್ಲಿ ಪ್ರಚಾರ ಮಾಡುವುದಾಗಿ ಹೇಳಿದ್ದರು. ಪಟ್ಟಿಯಲ್ಲಿ ಕನ್ನಡವೂ ಇತ್ತು. ಇಂಥ ಪ್ರಚಾರವೆಲ್ಲ ಹೆಚ್ಚಾಗಿ ಫೋನಿನಲ್ಲೇ ಓಡಾಡುವ ಚಿತ್ರಗಳು. ಫಾರ್ವರ್ಡ್ ಆದವು, ಅಳಿಸಿಹೋದವು. ನಿಮ್ಮಲ್ಲಿ ಯಾರ ಹಳೇ ಫೋನಿನಲ್ಲಾದರೂ ಕನ್ನಡದ್ದು ಉಳಿದಿದ್ದರೆ ದಯವಿಟ್ಟು ಅಳಿಸಬೇಡಿ, ನನಗೊಂದು ಪ್ರತಿ ಕಳಿಸಿ. ಸ್ಮಿತ್ಸೋನಿಯನ್ ಸಂಗ್ರಹಾಲಯದವರು ಪಕ್ಷಗಳ ಮಹಾಸಮಾವೇಶಕ್ಕೆ ತಾವೇ ಹೋಗಿ, ಪ್ರತಿನಿಧಿಗಳ ತಲೆ ಮೇಲಿನ ಟೋಪಿ, ಕೈಯಲ್ಲಿನ ಫಲಕ ಕೇಳಿ ಪಡೆದು ತರುತ್ತಾರೆ. ಅವರಿಗೆ ಕನ್ನಡದ ವಾಟ್ಸಾಪ್ ಗುಂಪುಗಳ ಒಳಗೆ ಬರಲು ಆಗಲ್ಲ. ಆ ಕೆಲಸ ನಾವೇ ಮಾಡಬೇಕು.

ಕೊನೆಗೆ ಸಭೆಯಿಂದ ಬಂದ ಎರಡು ಪ್ರಶ್ನೆ.

ಒಬ್ಬರು ಅಮ್ಮ ಕೇಳಿದರು, "ಹಳೇ ಬಿಲ್ಲೆ ಕೊಳೆ ಆಗಿದ್ರೆ ತೊಳೀಬಹುದಾ?" ಬೇಡವೇ ಬೇಡ. ನೀರು ಅಂಚಿನಿಂದ ಒಳಗೆ ಇಳಿದು ಕಾಗದಕ್ಕೆ ತಾಗಿದರೆ ಕಂದು ಕಲೆ ಬೀಳುತ್ತದೆ, ಆಮೇಲೆ ಅದು ಹೋಗಲ್ಲ. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ ಸಾಕು. ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ. ತೇವ ಇರುವ ಬೇಸ್‌ಮೆಂಟಿನಲ್ಲೂ ಇಡಬೇಡಿ, ಹಿಂಬದಿ ತುಕ್ಕು ಹಿಡಿಯುತ್ತದೆ. ಸೆಲ್ಯುಲಾಯ್ಡಿಗೆ ಬೇಗ ಬೆಂಕಿ ಹತ್ತುತ್ತದೆ, ದೇವರ ದೀಪದ ಹತ್ತಿರವಂತೂ ಖಂಡಿತ ಬೇಡ.

ಎರಡನೆಯದು ಹಿಂದಿನ ಸಾಲಿನ ಒಬ್ಬ ಹುಡುಗ ಕೇಳಿದ್ದು. ಎಚ್-1ಬಿ ವೀಸಾದಲ್ಲಿ ಇರುವವನು. "ಅಧಿಕೃತ ಅಂಗಡಿಯಿಂದ ಕೊಂಡರೆ ದೇಣಿಗೆ ಅಂದ್ರಲ್ಲ ಸಾರ್. ನಾವು ದೇಣಿಗೆ ಕೊಡೋ ಹಾಗಿಲ್ಲ ಅಲ್ವಾ?" ಒಳ್ಳೇ ಪ್ರಶ್ನೆ, ನಾನೇ ಹೇಳಬೇಕಿತ್ತು. ಹೌದು, ಪೌರರು ಮತ್ತು ಗ್ರೀನ್ ಕಾರ್ಡ್ ಇರುವವರು ಮಾತ್ರ ಕೊಡಬಹುದು. ವೀಸಾದಲ್ಲಿ ಇರುವವರು ಅಭ್ಯರ್ಥಿಯ ಅಧಿಕೃತ ಅಂಗಡಿಯಲ್ಲಿ ಏನನ್ನೂ ಕೊಳ್ಳಬಾರದು, ಎರಡು ಡಾಲರ್ ಸ್ಟಿಕರ್ ಕೂಡ. ಪ್ರಚಾರ ಸಭೆಯ ಹೊರಗೆ ರಸ್ತೆ ಬದಿಯಲ್ಲಿ ಸ್ವಂತಕ್ಕೆ ಮಾರುವವರ ಹತ್ತಿರ, ಗರಾಜ್ ಸೇಲಿನಲ್ಲಿ, ಹರಾಜಿನಲ್ಲಿ ಕೊಂಡರೆ ಅದು ಬರೀ ವ್ಯಾಪಾರ, ತೊಂದರೆ ಇಲ್ಲ. ವಿಲ್ಕಿ, ಲಾಂಡನ್, ಗೋಲ್ಡ್‌ವಾಟರ್ ಇವರ ಬಿಲ್ಲೆಗಳಿಗೆ ಯಾರೂ ವೀಸಾ ಕೇಳಲ್ಲ. ಬಲಗಡೆಯ ಆ ನೀಲಿ ಡಬ್ಬಿಯಲ್ಲಿ ನನ್ನಲ್ಲಿ ಎರಡೆರಡು ಇರುವವನ್ನು ಹಾಕಿದ್ದೇನೆ. ಊಟಕ್ಕೆ ಹೋಗುವ ಮುಂಚೆ ಒಂದೊಂದು ಎತ್ತಿಕೊಳ್ಳಿ. ಚಿನ್ನದ ದುಂಬಿ ಮಾತ್ರ ವಾಪಸ್ ಕೊಟ್ಟು ಹೋಗಿ.